ಅಪ್ಪಯ್ಯನ ವಾಚು, ಹ್ಯಾರಿಸನ್ನನ ಗಡಿಯಾರ

ನಮ್ಮ ಅಪ್ಪಯ್ಯನಿಗೆ 1963ರಲ್ಲಿ ಮದುವೆಯಾದಾಗ ಮಾವನ ಮನೆಯಿಂದ ಬಂದದ್ದು ಒಂದು ಜೊತೆ ಪಂಚೆ-ಶಲ್ಯ ಮತ್ತು ಒಂದು ಕೈಗಡಿಯಾರ. ಗಡಿಯಾರ ಹೊಸದಲ್ಲ. ಅಡಿಕೆ ವ್ಯಾಪಾರದ ಲೆಕ್ಕ ಮುಗಿಸಲು ಮುಂಬಯಿಗೆ ಹೋಗಿದ್ದ ಅಜ್ಜ 1956ರಲ್ಲಿ ತನಗಾಗಿಯೇ ಕೊಂಡುಕೊಂಡದ್ದು. ಮರುವರ್ಷವೇ ದೇಶದಲ್ಲಿ ವಿದೇಶಿ ವಿನಿಮಯದ ಮುಗ್ಗಟ್ಟು ಬಂದು ಆಮದಿಗೆ ಕಟ್ಟುಪಾಡು ಬಿಗಿಯಾಯಿತು. ಸ್ವಿಸ್ ವಾಚು ಬೇಕೆನ್ನುವವರು ಕಳ್ಳಸಾಗಣೆಯವರ ಮುಖ ನೋಡಬೇಕಾದ ಕಾಲ ಅದು. ಅಂಥ ಹೊತ್ತಿನಲ್ಲಿ ಅಜ್ಜ ತನ್ನ ಕೈಯಿಂದ ಬಿಚ್ಚಿ ಅಳಿಯನ ಕೈಗೆ ಕಟ್ಟಿದನಂತೆ. ಅದು ಸಣ್ಣ ಮಾತಾಗಿರಲಿಲ್ಲವೆಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು, ಬಹುಪಾಲು ಅಪ್ಪಯ್ಯನಿಗೆ ಕೇಳುವ ಹಾಗೆ.

ಅಪ್ಪಯ್ಯ ತೀರಿಕೊಂಡ ಮೇಲೆ ವಾಚು ಅಣ್ಣನ ಪೆಟ್ಟಿಗೆ ಸೇರಿತು. ಎರಡು ವರ್ಷದ ಹಿಂದೆ ಅಣ್ಣ ಅದನ್ನು ನನ್ನ ಕೈಗಿಟ್ಟು, “ಚರಿತ್ರೆ ಪಾಠ ಮಾಡುವವಳು ನೀನು, ನೀನೇ ಇಟ್ಟುಕೋ” ಎಂದ. ಕೀ ಕೊಟ್ಟರೆ ಹತ್ತು ನಿಮಿಷ ಓಡಿ ನಿಲ್ಲುತ್ತಿತ್ತು. ಮೆಲ್ಲಗೆ ಅಲುಗಾಡಿಸಿದರೆ ಮತ್ತೆ ಎರಡು ನಿಮಿಷ. ಇನ್ನು ಸರ್ವಿಸ್ ಮಾಡಿಸದೆ ಗತಿಯಿಲ್ಲ ಎಂದಾಯಿತು. ಮಾಡುವವರು ಯಾರು ಎನ್ನುವಲ್ಲಿ ನನಗೂ ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೂ ಜಗಳ ಹತ್ತಿತು. ಮುಂದೆ ವಾಚು ಅವನಿಗೇ ಸೇರತಕ್ಕದ್ದಾದ್ದರಿಂದ ಅವನ ಮಾತಿಗೂ ತೂಕವಿತ್ತು.

ವಾಚಿನ ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಇಂದಿಗೂ ಲಕ್ಷಗಟ್ಟಲೆ ಬೆಲೆಯ ವಾಚು ಮಾಡುವ ಮನೆತನ ಎಂದರೆ ಸಾಕು. ಮಾಣಿ ಅದರ ಸೇವಾಕೇಂದ್ರಕ್ಕೆ ಹೋಗಿ ವಿಚಾರಿಸಿಕೊಂಡು ಬಂದ. ಐವತ್ತೆಂಟು ಸಾವಿರ ರೂಪಾಯಿ. ಇಷ್ಟು ಹಳೆಯದನ್ನು ಇಲ್ಲಿ ತೆರೆಯುವುದಿಲ್ಲ, ಹೊರದೇಶಕ್ಕೆ ಕಳಿಸಬೇಕು, ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಡಯಲಿನ ಮೇಲೆ ಕಲೆಯಿರುವುದರಿಂದ ಅದನ್ನು ಬದಲಾಯಿಸಬೇಕು, ಮುಳ್ಳುಗಳನ್ನೂ ಬದಲಾಯಿಸಬೇಕು, ಮೇಲಿನ ಕವಚಕ್ಕೆ ಪಾಲಿಶ್ ಮಾಡಬೇಕು. ಇವಕ್ಕೆ ಒಪ್ಪದಿದ್ದರೆ ಗ್ಯಾರಂಟಿ ಇಲ್ಲ. “ಹೊಸದರ ಹಾಗೆ ಆಗ್ತದೆ ಅತ್ತೆ” ಎಂದು ಅವನು ಫೋನಿನಲ್ಲಿ ಉತ್ಸಾಹದಿಂದ ಹೇಳಿದ. ಹೊಸದರ ಹಾಗೆ ಆಗುವುದೇ ನನಗೆ ಬೇಡವಾಗಿತ್ತು. ಡಯಲಿನ ಮೇಲಿರುವ ಆ ಕಂದು ಕಲೆ, 1974ರ ಮಳೆಗಾಲದಲ್ಲಿ ಹೊಳೆ ದಾಟುವಾಗ ಅಪ್ಪಯ್ಯ ಕಾಲುಸಂಕದಿಂದ ಜಾರಿ ಬಿದ್ದದ್ದರ ಗುರುತು. ಅದನ್ನು ತೆಗೆದು ಹಾಕಿ ಹೊಸ ಡಯಲು ಕೂಡಿಸಲು ನಾನು ಐವತ್ತೆಂಟು ಸಾವಿರ ಕೊಡಬೇಕಿತ್ತು.

ನನ್ನ ಮನಸ್ಸಿನಲ್ಲಿದ್ದವರು ಶಿರಸಿಯಲ್ಲಿ ಬಸ್‌ಸ್ಟ್ಯಾಂಡಿನಿಂದ ಒಳಗೆ ಹೋಗುವ ರಸ್ತೆಯ ಒಂದು ಸಣ್ಣ ಅಂಗಡಿಯವರು. ಎಪ್ಪತ್ತು ದಾಟಿದ ಸಾಹೇಬರು. ಅವರ ತಂದೆಯೂ ಅದೇ ಜಾಗದಲ್ಲಿ ಕೂತು ಅದೇ ಕೆಲಸ ಮಾಡಿದವರು. ಮಾಣಿಯ ತಕರಾರು ನೇರವಾಗಿತ್ತು. “ಒಳಗಿನ ಸಾಮಾನು ಬದಲಾಯಿಸಿ ಬಿಟ್ಟರೆ ನಿನಗೆ ಹೇಗೆ ಗೊತ್ತಾಗ್ತದೆ ಅತ್ತೆ?”

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾನು ಓದಲು ಕೂತೆ. ಒಂದು ಬೇಸಿಗೆ ರಜೆ ಪೂರ್ತಿ ಅದರಲ್ಲೇ ಹೋಯಿತು. ಮಾಣಿಯ ಪ್ರಶ್ನೆ ಮುನ್ನೂರು ವರ್ಷದಿಂದ ದೊಡ್ಡ ದೊಡ್ಡವರನ್ನು ಕಾಡಿದ ಪ್ರಶ್ನೆಯೆಂದು ಆಮೇಲೆ ತಿಳಿಯಿತು.

ಮೊದಲು, ವಾಚಿಗೆ ಸರ್ವಿಸ್ ಯಾಕೆ ಬೇಕು ಎಂಬುದು. ಕೀ ಕೊಡುವ ಹಳೆಯ ಕೈಗಡಿಯಾರದ ಬ್ಯಾಲೆನ್ಸ್ ಚಕ್ರ ಸಾಮಾನ್ಯವಾಗಿ ಗಂಟೆಗೆ 18,000 ಬಾರಿ ಅತ್ತಿತ್ತ ಆಡುತ್ತದೆ. ಸೆಕೆಂಡಿಗೆ ಐದು. ದಿನಕ್ಕೆ 4,32,000. ವರ್ಷಕ್ಕೆ ಹದಿನೈದು ಕೋಟಿಗೂ ಮಿಕ್ಕಿ. ಆ ಚಕ್ರದ ಅಚ್ಚಿನ ತುದಿ ಕೂದಲೆಳೆಯಷ್ಟು ತೆಳು. ಅದು ತಿರುಗುವ ಕುಳಿಯಲ್ಲಿ ಸೂಜಿಮೊನೆಯಿಂದ ಇಟ್ಟ ಎಣ್ಣೆಯ ಒಂದು ಹನಿ ಇರುತ್ತದೆ. ನಮ್ಮ ಕಣ್ಣಿಗೆ ಅದು ಹನಿಯೆಂದೂ ಕಾಣುವುದಿಲ್ಲ. ಆ ಎಣ್ಣೆ ಕೆಲವು ವರ್ಷಗಳಲ್ಲಿ ಒಣಗಿ ಅಂಟಾಗುತ್ತದೆ, ಧೂಳು ಸೇರಿದರೆ ಅರೆಯುವ ಹಿಟ್ಟಾಗುತ್ತದೆ. ಆಮೇಲೆ ವಾಚು ಓಡಿದಷ್ಟೂ ತನ್ನನ್ನು ತಾನೇ ಸವೆಸಿಕೊಳ್ಳುತ್ತದೆ. ಎಲ್ಲ ಬಿಚ್ಚಿ, ತೊಳೆದು, ಒಣಗಿಸಿ, ಹೊಸ ಎಣ್ಣೆ ಇಟ್ಟು ಮತ್ತೆ ಜೋಡಿಸುವುದೇ ಸರ್ವಿಸ್. ಇಷ್ಟನ್ನೇ ಕೇಳಿದರೆ ಸುಲಭ. ನೂರಕ್ಕೂ ಮೇಲ್ಪಟ್ಟ ತುಂಡುಗಳು, ಅವುಗಳಲ್ಲಿ ಕೆಲವು ಎಳ್ಳಿನಷ್ಟೂ ಇಲ್ಲದವು, ಎಂದಾಗ ಸುಲಭ ಎನ್ನುವ ಮಾತು ನಿಂತುಹೋಗುತ್ತದೆ.

ಎಣ್ಣೆ ನಿಲ್ಲುವ ಆ ಕುಳಿ ಕಲ್ಲಿನದು. ಹದಿನೇಳು ಕಲ್ಲಿನ ವಾಚು, ಇಪ್ಪತ್ತೊಂದು ಕಲ್ಲಿನ ವಾಚು ಎಂದು ಹೇಳುತ್ತಿದ್ದದ್ದು ಇದನ್ನೇ. ರಿಪೇರಿಯವರು ಮಾಣಿಕ್ಯ ಕದ್ದು ಗಾಜು ಹಾಕುತ್ತಾರೆ ಎಂದು ನಮ್ಮ ಊರಲ್ಲಿ ಹೇಳದವರೇ ಇರಲಿಲ್ಲ. ನನ್ನ ದೊಡ್ಡಪ್ಪನಂತೂ ವಾಚು ರಿಪೇರಿಗೆ ಕೊಟ್ಟರೆ ಅಂಗಡಿಯ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತು ಕಾಯುತ್ತಿದ್ದ. ನಿಜವೇನೆಂದರೆ, ವಾಚಿನ ಕಲ್ಲಿಗೆ ಆಭರಣದ ಬೆಲೆಯಿಲ್ಲ. ಫ್ರಾನ್ಸಿನ ಒಗಸ್ತ್ ವೆರ್ನಾಯ್ ಕುಲುಮೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ ಮೇಲೆ ವಾಚಿಗೆ ಬಂದದ್ದು ಆ ಕೃತಕ ಕಲ್ಲೇ. ಕದ್ದವನಿಗೆ ಚಹಾದ ದುಡ್ಡೂ ಹುಟ್ಟದು. ದೊಡ್ಡಪ್ಪನ ಅಷ್ಟೂ ಸಂಜೆಗಳು ವ್ಯರ್ಥ.

ಆದರೆ ಕಲ್ಲಿನ ವಿಷಯದಲ್ಲಿ ಮೋಸಹೋದವರು ನಮ್ಮ ದೊಡ್ಡಪ್ಪನಿಗಿಂತ ದೊಡ್ಡವರಿದ್ದಾರೆ. ವಾಚಿನಲ್ಲಿ ತೂತು ಕೊರೆದ ಕಲ್ಲು ಕೂಡಿಸುವ ವಿದ್ಯೆಗೆ 1704ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವರು ನಿಕೋಲಾ ಫಾಸಿಯೋ ಎಂಬ ಸ್ವಿಸ್ ಗಣಿತಜ್ಞ ಮತ್ತು ಡೆಬೌಫ್ರೆ ಎಂಬ ಇಬ್ಬರು ಗಡಿಯಾರದವರು. ಅವರು ತಮ್ಮ ಹಕ್ಕನ್ನು ಇನ್ನೂ ವಿಸ್ತರಿಸಬೇಕೆಂದು ಪಾರ್ಲಿಮೆಂಟಿಗೆ ಹೋದಾಗ ಲಂಡನ್ನಿನ ಗಡಿಯಾರಗಾರರ ಸಂಘ ಅಡ್ಡ ಬಂತು. 1631ರಲ್ಲಿ ರಾಜಾಜ್ಞೆಯಿಂದ ಹುಟ್ಟಿದ ಸಂಘ ಅದು. ಯಾವ ಅಂಗಡಿಗೂ ನುಗ್ಗಿ ಕೆಟ್ಟ ಕೆಲಸ ಕಂಡರೆ ಮುರಿದುಹಾಕುವ ಅಧಿಕಾರ ಅದಕ್ಕಿತ್ತು. ಇಗ್ನೇಷಿಯಸ್ ಹಗಿಫರ್ಡ್ ಎಂಬವನು ಮಾಡಿದ ಒಂದು ಹಳೆಯ ವಾಚನ್ನು ಆ ಸಂಘದವರು ತಂದು ಮುಂದಿಟ್ಟು, ಇಗೋ ಇದರಲ್ಲಿ ಆಗಲೇ ಕಲ್ಲಿದೆ, ಇದು ಹೊಸ ವಿದ್ಯೆಯಲ್ಲ ಎಂದರು. ಮಸೂದೆ ಬಿದ್ದುಹೋಯಿತು. ಬಹಳ ಕಾಲದ ಮೇಲೆ ಯಾರೋ ಆ ವಾಚನ್ನು ಸರಿಯಾಗಿ ಬಿಚ್ಚಿ ನೋಡಿದಾಗ ಆ ಕಲ್ಲು ಬರೀ ಅಂದಕ್ಕೆ ಅಂಟಿಸಿದ್ದು, ಅಚ್ಚಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಗೊತ್ತಾಯಿತು. ಅಷ್ಟೂ ಜನ ಪರಿಣತರು ಇದ್ದ ಕಡೆ ಒಬ್ಬನಾದರೂ ಒಳಗೆ ನೋಡಿರಲಿಲ್ಲ! ಮಾಣಿಗೆ ಇದನ್ನು ಹೇಳಿದಾಗ, “ನಾನು ಹೇಳಿದ್ದೂ ಅದೇ ಅಲ್ಲವಾ, ಒಳಗೆ ಏನಿದೆ ಅಂತ ಯಾರಿಗೂ ಗೊತ್ತಾಗೂದಿಲ್ಲ” ಎಂದ. ಪಾಠ ಹೇಳುವವರಿಗೆ ಇಂಥ ವಿದ್ಯಾರ್ಥಿಗಳು ವರ್ಷಕ್ಕೊಬ್ಬರು ಸಿಕ್ಕೇ ಸಿಗುತ್ತಾರೆ.

ಈಗ ಹ್ಯಾರಿಸನ್ನನ ಕಥೆ. ಕಡಲ ಮೇಲೆ ರೇಖಾಂಶ ಕಂಡುಹಿಡಿಯುವ ಉಪಾಯಕ್ಕೆ ಬ್ರಿಟಿಷ್ ಪಾರ್ಲಿಮೆಂಟು 1714ರಲ್ಲಿ 20,000 ಪೌಂಡು ಬಹುಮಾನ ಸಾರಿದ್ದನ್ನೂ, ಯಾರ್ಕ್‌ಶೈರ್ ಕಡೆಯ ಬಡಗಿಯ ಮಗ ಜಾನ್ ಹ್ಯಾರಿಸನ್ (1693–1776) ಅದರ ಬೆನ್ನು ಹತ್ತಿದ್ದನ್ನೂ ಬಹಳ ಜನ ಓದಿರುತ್ತಾರೆ. ಅವನು ಮಾಡಿದ ಮೊದಲ ಮೂರು ಯಂತ್ರಗಳು ಪೆಟ್ಟಿಗೆಯಷ್ಟು ದೊಡ್ಡವು. 1759ರಲ್ಲಿ ಮುಗಿಸಿದ ನಾಲ್ಕನೆಯದು ಮಾತ್ರ ವಾಚು. ಸುಮಾರು 13 ಸೆಂಟಿಮೀಟರ್ ಅಗಲ, ಒಂದೂವರೆ ಕಿಲೋಗೆ ಸ್ವಲ್ಪ ಕಡಿಮೆ ತೂಕ. 1761ರ ಕೊನೆಗೆ ಅವನ ಮಗ ವಿಲಿಯಂ ಅದನ್ನು ಹಡಗಿನಲ್ಲಿ ಜಮೈಕಾಕ್ಕೆ ಒಯ್ದ. ಎಂಬತ್ತು ದಿನಗಳಾಚೆ ಅಲ್ಲಿ ನೋಡಿದಾಗ ಅದು ತಪ್ಪಿದ್ದು ಐದೇ ಸೆಕೆಂಡು. 1764ರಲ್ಲಿ ಬಾರ್ಬಡೋಸಿಗೂ ಹೋಗಿಬಂತು, ಗೆದ್ದಿತು. ಆದರೂ ರೇಖಾಂಶ ಮಂಡಳಿಯವರು ಬಹುಮಾನ ಕೊಡಲಿಲ್ಲ.

ಈ ಜಾಗದಲ್ಲಿ ಕಥೆ ಹೇಳುವವರೆಲ್ಲ ಮಂಡಳಿಯನ್ನು ಬೈಯುತ್ತಾರೆ. ನಾನೂ ಮಕ್ಕಳಿಗೆ ಹಾಗೇ ಹೇಳಿಕೊಂಡು ಬಂದವಳು. ಅಪ್ಪಯ್ಯನ ವಾಚನ್ನು ಮೇಜಿನ ಮೇಲಿಟ್ಟುಕೊಂಡು ಮತ್ತೆ ಓದಿದಾಗ ಮಂಡಳಿಯ ಮಾತಿನಲ್ಲೂ ನ್ಯಾಯವಿದೆ ಎನಿಸಿತು. ಅವರ ಸಂಶಯ ವಾಚಿನ ಮೇಲಷ್ಟೇ ಇರಲಿಲ್ಲ. ಮುದುಕ ಸತ್ತರೆ ಇದನ್ನು ಬಿಚ್ಚಿ ಜೋಡಿಸುವವರು ಯಾರು, ಇನ್ನೊಂದನ್ನು ಮಾಡುವವರು ಯಾರು? ಒಬ್ಬನೇ ಒಬ್ಬನ ಕೈಗೆ ಬಗ್ಗುವ ವಾಚು ಒಂದು ಹಡಗಿಗೆ ಉಪಯೋಗವಾದೀತು, ನೌಕಾಪಡೆಗಲ್ಲ. ಹಾಗಾಗಿ 1765ರಲ್ಲಿ ಕಾಯಿದೆ ಮಾಡಿ, ಹ್ಯಾರಿಸನ್ ತನ್ನ ವಾಚನ್ನು ಪರಿಣತರ ಎದುರು ಬಿಚ್ಚಿ ಪ್ರತಿಯೊಂದು ಭಾಗವನ್ನೂ ವಿವರಿಸಬೇಕು, ಆಮೇಲೆ ಬಹುಮಾನದ ಅರ್ಧ ಎಂದರು. ಎಪ್ಪತ್ತೆರಡರ ಮುದುಕ ಮೊದಲು ಕೂಗಾಡಿದ, ಆಮೇಲೆ ಒಪ್ಪಿದ. ಆ ಆಗಸ್ಟಿನಲ್ಲಿ ಲಂಡನ್ನಿನ ರೆಡ್ ಲಯನ್ ಸ್ಕ್ವೇರಿನಲ್ಲಿದ್ದ ಅವನ ಮನೆಯಲ್ಲಿ ಆರು ದಿನ ಈ ಕೆಲಸ ನಡೆಯಿತು. ನೋಡಲು ಕೂತವರಲ್ಲಿ ಖಗೋಳಜ್ಞ ಮಾಸ್ಕೆಲಿನ್ ಇದ್ದ, ಉಪಕರಣ ಮಾಡುವ ಜಾನ್ ಬರ್ಡ್ ಇದ್ದ, ಮೂವರು ವಾಚಿನವರಿದ್ದರು. ಆ ಮೂವರಲ್ಲಿ ಒಬ್ಬ ಲಾರ್ಕಮ್ ಕೆಂಡಲ್.

ನನಗೆ ಈ ಇಡೀ ಚರಿತ್ರೆಯಲ್ಲಿ ಇಷ್ಟವಾದ ಮನುಷ್ಯ ಈ ಕೆಂಡಲ್. ಅವನದು ಸ್ವಂತ ಕಲ್ಪನೆಯಿಲ್ಲದ, ಆದರೆ ಕೈ ಮಾತ್ರ ಅಪ್ಪಟ ಚಿನ್ನದಂಥ ಕೆಲಸಗಾರಿಕೆ. ಹ್ಯಾರಿಸನ್ನನ ವಾಚಿನ ಪಡಿಯಚ್ಚನ್ನು ಮಾಡಿಕೊಡು ಎಂದು ಮಂಡಳಿ ಅವನಿಗೆ ಹೇಳಿತು. ಎರಡು ವರ್ಷಕ್ಕೂ ಮಿಕ್ಕಿ ಕೂತು 1769ರಲ್ಲಿ ಮುಗಿಸಿದ. 450 ಪೌಂಡಿನ ಒಪ್ಪಂದ, ಮೇಲೆ 50 ಪೌಂಡು ಮೆಚ್ಚುಗೆ. ಹ್ಯಾರಿಸನ್ನನ ಮಗನೇ ಅದನ್ನು ನೋಡಿ ಕೆಲಸ ತಮ್ಮದಕ್ಕೆ ಕಡಿಮೆಯಿಲ್ಲ ಎಂದು ಒಪ್ಪಿಕೊಂಡ. ಕ್ಯಾಪ್ಟನ್ ಕುಕ್ ತನ್ನ ಎರಡನೆಯ ಯಾನಕ್ಕೆ (1772–75) ಒಯ್ದದ್ದು ಇದನ್ನೇ. ಹೋಗುವಾಗ ಅಷ್ಟೇನೂ ನಂಬಿಕೆಯಿಲ್ಲದಿದ್ದವನು ಬರುವಾಗ ಬಾಯ್ತುಂಬ ಹೊಗಳಿದ. ಇದನ್ನೇ ಅಗ್ಗದಲ್ಲಿ ಮಾಡಿಕೊಡು ಎಂದಾಗ ಕೆಂಡಲ್ ಒಂದು ಮುಖ್ಯ ಭಾಗವನ್ನು ಕೈಬಿಟ್ಟು 200 ಪೌಂಡಿಗೆ ಇನ್ನೊಂದನ್ನು ಮಾಡಿದ. ಅದು ಮೊದಲಿನದರಷ್ಟು ಚೆನ್ನಾಗಿ ನಡೆಯಲಿಲ್ಲ. ಹಡಗಿಗೊಂದರಂತೆ ಮಾಡಬಲ್ಲ, ಬೇರೆ ಕೈಗಳೂ ಬಿಚ್ಚಬಲ್ಲ ಸರಳ ಕ್ರೊನೊಮೀಟರನ್ನು ತಂದವರು ಮುಂದೆ ಜಾನ್ ಆರ್ನಾಲ್ಡ್ ಮತ್ತು ಥಾಮಸ್ ಅರ್ನ್‌ಶಾ. ಹ್ಯಾರಿಸನ್ನನ ಮೂಲ ಯಂತ್ರಗಳು ಗ್ರೀನಿಚ್ ವೀಕ್ಷಣಾಲಯದ ಮೂಲೆ ಸೇರಿದವು.

ಹೀಗೆ ಮೂಲೆ ಸೇರಿದ್ದು ನೂರೈವತ್ತು ವರ್ಷ. ನನಗೆ ಬೇಕಾಗಿದ್ದ ಭಾಗ ಇಲ್ಲಿಂದ ಶುರುವಾಗುತ್ತದೆ. 1920ರಲ್ಲಿ ರೂಪರ್ಟ್ ಗೌಲ್ಡ್ ಎಂಬ ನೌಕಾಪಡೆಯ ಅಧಿಕಾರಿ ಗ್ರೀನಿಚ್ಚಿಗೆ ಹೋಗಿ ನೋಡುತ್ತಾನೆ, ಜಗತ್ತಿನ ಹಡಗುಗಳಿಗೆ ದಾರಿ ತೋರಿದ ಯಂತ್ರಗಳು ಕಿಲುಬು ಹಿಡಿದು ಕೂತಿವೆ. ಅವನು ವಾಚಿನ ಕಸುಬು ಕಲಿತವನಲ್ಲ. ಯುದ್ಧದ ಹೊತ್ತಿಗೆ ಮನಸ್ಸು ಕೆಟ್ಟು ಹಡಗಿನಿಂದ ಇಳಿದವನು. ಹಳೆಯ ಕ್ರೊನೊಮೀಟರುಗಳ ಮೇಲೆ ಪುಸ್ತಕ ಬರೆಯಲು ಓದುತ್ತಿದ್ದ. ಇವನ್ನು ನಾನು ಶುಚಿ ಮಾಡಿಕೊಡುತ್ತೇನೆ, ಕೂಲಿ ಬೇಡ ಎಂದು ರಾಜಖಗೋಳಜ್ಞ ಫ್ರಾಂಕ್ ಡೈಸನ್ನನನ್ನು ಕೇಳಿದ. ಡೈಸನ್ ಒಪ್ಪಿದ.

ಇಲ್ಲಿ ನಾನು ಪುಸ್ತಕ ಮಡಚಿಟ್ಟು ಯೋಚಿಸಿದೆ. ಲಂಡನ್ ಏನು ವಾಚಿನವರಿಲ್ಲದ ಊರೇ? ನಾಲ್ಕು ಹೆಜ್ಜೆಗೊಬ್ಬ ಪರಿಣತ. ಅವರನ್ನೆಲ್ಲ ಬಿಟ್ಟು, ಕಸುಬಿನ ಪ್ರಮಾಣಪತ್ರವಿಲ್ಲದ ಒಬ್ಬ ನೌಕರಿಯವನ ಕೈಗೆ ರಾಷ್ಟ್ರದ ಆಸ್ತಿಯನ್ನು ಕೊಡಲು ಡೈಸನ್ನನಿಗೆ ಧೈರ್ಯ ಹೇಗೆ ಬಂತು? ನಮ್ಮ ಇಲಾಖೆಯಲ್ಲಾಗಿದ್ದರೆ ಶಾಲೆಯ ಗೋಡೆಗಡಿಯಾರ ಬಿಚ್ಚಲಿಕ್ಕೂ ಮೂರು ಕೊಟೇಶನ್ ಬೇಕು. ಆದರೆ ಆ ಯಂತ್ರಗಳನ್ನು ಅರ್ಥ ಮಾಡಿಕೊಳ್ಳಬೇಕೆಂಬ ಹಂಬಲ ಆ ಹೊತ್ತಿಗೆ ಗೌಲ್ಡನಷ್ಟು ಯಾರಿಗೂ ಇರಲಿಲ್ಲ. ಅವನ ಪುಸ್ತಕ 1923ರಲ್ಲಿ ಬಂತು, ಇಂದಿಗೂ ಆ ವಿಷಯದ ಮೂಲಗ್ರಂಥ ಅದೇ.

ಮೊದಲ ಯಂತ್ರವನ್ನು ಅವನು ಟೋಪಿ ಒರೆಸುವ ಬ್ರಶ್ಶಿನಿಂದ ಉಜ್ಜಿದಾಗ ಎರಡು ಔನ್ಸು ಕೊಳೆ ಕಿಲುಬು ಉದುರಿತಂತೆ. ನಮ್ಮ ತೂಕದಲ್ಲಿ ಸುಮಾರು ಐದು ತೊಲ. ಕೆಲಸ ಮುಗಿಯಲು ಹದಿಮೂರು ವರ್ಷ ಹಿಡಿಯಿತು. ಮೂರನೆಯದೊಂದಕ್ಕೇ ಏಳು ವರ್ಷ. ನೋಟುಪುಸ್ತಕಗಳ ತುಂಬ ಬಿಚ್ಚಿದ್ದು ಯಾವುದು, ಜೋಡಿಸಿದ್ದು ಯಾವುದು, ಯಾವ ತುಂಡು ಹೇಗಿತ್ತು, ಎಲ್ಲ ಚಿತ್ರಸಹಿತ ಬರೆದಿಟ್ಟ. ಈ ನಡುವೆ ಅವನ ಸಂಸಾರ ಒಡೆಯಿತು, 1927ರಲ್ಲಿ ಹೆಂಡತಿ ಬೇರೆಯಾದಳು, ಮನಸ್ಸು ಮತ್ತೆ ಮತ್ತೆ ಕೆಡುತ್ತಿತ್ತು. 1933ರ ಫೆಬ್ರವರಿ 1ರಂದು ಮೊದಲ ಯಂತ್ರ ಮತ್ತೆ ನಡೆಯತೊಡಗಿತು. ಗೌಲ್ಡನ ಹೆಂಡತಿಯ ಪಾಡನ್ನು ಕುರಿತು ಯಾರಾದರೂ ಬರೆಯಬೇಕು ಎಂದು ನನಗೆ ಅನಿಸಿದ್ದುಂಟು. ಅದು ಬೇರೆ ಪ್ರಬಂಧ.

ಇಂದು ಗ್ರೀನಿಚ್ಚಿನಲ್ಲಿ ಹ್ಯಾರಿಸನ್ನನ ಮೊದಲ ಮೂರೂ ನಡೆಯುತ್ತವೆ. ನಾಲ್ಕನೆಯದನ್ನು, ಗೆದ್ದ ವಾಚನ್ನು, ನಡೆಸುವುದಿಲ್ಲ. ದೊಡ್ಡ ಯಂತ್ರಗಳಿಗೆ ಹ್ಯಾರಿಸನ್ ಎಣ್ಣೆಯೇ ಬೇಡದ ಹಾಗೆ ಮಾಡಿದ್ದ, ಜಿಡ್ಡಿರುವ ಒಂದು ಬಗೆಯ ಮರದ ಉರುಳೆಗಳನ್ನು ಹಾಕಿ. ವಾಚಿನಲ್ಲಿ ಅದು ಸಾಧ್ಯವಾಗಲಿಲ್ಲ, ಎಣ್ಣೆ ಬೇಕೇ ಬೇಕು. ಎಣ್ಣೆಯೆಂದರೆ ಸವೆತ, ಆಗಾಗ ಬಿಚ್ಚುವುದು, ಬಿಚ್ಚಿದಾಗೆಲ್ಲ ಅಪಾಯ. ಹಾಗಾಗಿ ಅದು ಸುಮ್ಮನಿರಲಿ ಎಂದು ಅವರು ತೀರ್ಮಾನಿಸಿದ್ದಾರೆ. ಅಪ್ಪಯ್ಯನ ವಾಚನ್ನೂ ಹಾಗೇ ಇಟ್ಟುಬಿಡಲೇ ಎಂದು ಎರಡು ದಿನ ಯೋಚಿಸಿದೆ. ಆದರೆ ಹ್ಯಾರಿಸನ್ನನ ವಾಚು ಜಗತ್ತಿಗೆ ಒಂದೇ. ನಮ್ಮದರಂಥವು ಸಾವಿರಾರು ಬಂದಿವೆ. ಇದು ನಡೆದರೇ ಅಪ್ಪಯ್ಯನ ವಾಚು, ನಿಂತರೆ ಪೆಟ್ಟಿಗೆಯ ಒಂದು ಸಾಮಾನು.

ಮಾಡಿದ ಮನೆಗೇ ಕಳಿಸಬೇಕೆನ್ನುವ ಮಾಣಿಯ ವಾದಕ್ಕೂ ಚರಿತ್ರೆಯಲ್ಲಿ ಆಧಾರವಿಲ್ಲದಿಲ್ಲ. ಪ್ಯಾರಿಸ್ಸಿನ ಬ್ರೆಗೆ ಮನೆತನಕ್ಕೆ 1783ರಲ್ಲಿ ರಾಣಿ ಮರಿ ಅಂತ್ವಾನೆತ್‌ಗಾಗಿ ಒಂದು ವಾಚಿನ ಬೇಡಿಕೆ ಬಂತು, ಆಗ ತಿಳಿದಿದ್ದ ಎಲ್ಲ ಚಮತ್ಕಾರಗಳೂ ಅದರಲ್ಲಿರಬೇಕೆಂದು. ರಾಣಿಯ ತಲೆ 1793ರಲ್ಲಿ ಹೋಯಿತು. ಬ್ರೆಗೆ 1823ರಲ್ಲಿ ತೀರಿಕೊಂಡ. ವಾಚು ಮುಗಿದದ್ದು 1827ರಲ್ಲಿ. ಅದು ಮಾರಾಟವಾಗಿ, 1838ರಲ್ಲಿ ಒಬ್ಬ ಮಾರ್ಕ್ವಿಸ್ ಅದನ್ನು ರಿಪೇರಿಗೆಂದು ಅದೇ ಅಂಗಡಿಗೆ ತಂದುಕೊಟ್ಟವನು ಮತ್ತೆ ಬರಲೇ ಇಲ್ಲ. ಅಂಗಡಿಯವರು ವಾರಸುದಾರರಿಲ್ಲದ ಆ ವಾಚನ್ನು ಇಟ್ಟುಕೊಂಡು ಕಾದು, 1887ರಲ್ಲಿ ಒಬ್ಬ ಇಂಗ್ಲಿಷಿನವನಿಗೆ ಮಾರಿದರು. ನಲವತ್ತೊಂಬತ್ತು ವರ್ಷ! ಅಂಥ ಮನೆಗೆ ಯಾರಾದರೂ ಕಣ್ಣು ಮುಚ್ಚಿ ವಾಚು ಕೊಟ್ಟಾರು.

ಆದರೆ ಆ ಕಾಲದ ಅಂಗಡಿ ಬೇರೆ, ಈ ಕಾಲದ ಕಂಪನಿ ಬೇರೆ. ನಡುವೆ ಒಂದು ಪ್ರಳಯ ಆಗಿಹೋಗಿದೆ. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಹದಿನೈದು ವರ್ಷದೊಳಗೆ ಸ್ವಿಸ್ ವಾಚಿನ ಉದ್ಯೋಗದಲ್ಲಿದ್ದ ಸುಮಾರು 90,000 ಜನರಲ್ಲಿ ಉಳಿದವರು ಮೂರರಲ್ಲೊಂದು ಪಾಲು. ಉಳಿದ ಕಂಪನಿಗಳು ಕಂಡುಕೊಂಡ ದಾರಿಯೆಂದರೆ, ಕೀ ಕೊಡುವ ವಾಚನ್ನು ಸಮಯ ನೋಡುವ ಸಾಧನವೆಂದು ಮಾರದೆ ಶ್ರೀಮಂತಿಕೆಯ ಗುರುತೆಂದು ಮಾರುವುದು. ಹಾಗೆ ಮಾರಿದ ಮೇಲೆ ಅದರ ರಿಪೇರಿಯೂ ಅವರ ಕೈಯಲ್ಲೇ ಉಳಿಯಬೇಕಲ್ಲ. ಒಂದೊಂದಾಗಿ ಕಂಪನಿಗಳು ಹೊರಗಿನ ರಿಪೇರಿಯವರಿಗೆ ಬಿಡಿಭಾಗ ಕೊಡುವುದನ್ನು ನಿಲ್ಲಿಸಿದವು. ಯುರೋಪಿನ ರಿಪೇರಿಯವರ ಸಂಘಗಳ ಒಕ್ಕೂಟ 2004ರಲ್ಲಿ ಯುರೋಪಿಯನ್ ಕಮಿಷನ್ನಿಗೆ ದೂರು ಕೊಟ್ಟಿತು. 2008ರಲ್ಲಿ ಕಮಿಷನ್ ಅದನ್ನು ತಳ್ಳಿಹಾಕಿತು. 2010ರಲ್ಲಿ ನ್ಯಾಯಾಲಯ, ಸರಿಯಾಗಿ ವಿಚಾರಿಸದೆ ತಳ್ಳಿದ್ದೀರಿ ಎಂದು ಆ ತೀರ್ಮಾನವನ್ನೇ ರದ್ದು ಮಾಡಿತು. ಮತ್ತೆ ವಿಚಾರಣೆಯಾಯಿತು, 2014ರಲ್ಲಿ ಮತ್ತೆ ತಳ್ಳಿದರು, 2017ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹದಿಮೂರು ವರ್ಷ. ಗೌಲ್ಡನಿಗೆ ಹ್ಯಾರಿಸನ್ನನ ಯಂತ್ರಗಳಿಗೆ ಹಿಡಿದಷ್ಟೇ ಕಾಲ. ಸೋತವರು ಸಣ್ಣ ಅಂಗಡಿಯವರು.

ಕಂಪನಿಗಳ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ನೀರು ಹೋಗದಂತೆ ಮುಚ್ಚುವ ಯಂತ್ರ, ನಡಿಗೆ ಪರೀಕ್ಷಿಸುವ ಯಂತ್ರ, ಒಂದೊಂದು ಕೀಲಿಗೂ ಒಂದೊಂದು ಬಗೆಯ ಎಣ್ಣೆ, ಇವೆಲ್ಲ ಎಲ್ಲರ ಹತ್ತಿರವೂ ಇರುವುದಿಲ್ಲ. ಇತ್ತೀಚಿನ ದುಬಾರಿ ವಾಚುಗಳಲ್ಲಿ ಸಿಲಿಕಾನಿನ ಸ್ಪ್ರಿಂಗು ಇರುತ್ತದಂತೆ. ಚಿಮಟದಿಂದ ಬಾಗಿಸಿ ಸರಿಮಾಡಲು ಹೋದರೆ ಚೂರಾಗುತ್ತದೆ. ಹೊಸ ವಾಚಾಗಿದ್ದರೆ ನಾನೂ ಎರಡನೆಯ ಮಾತಿಲ್ಲದೆ ಕಂಪನಿಗೇ ಕೊಡುತ್ತಿದ್ದೆ. ಆದರೆ ಕಂಪನಿಗೆ ತನ್ನ ಹೆಸರು ಹೊತ್ತ ವಾಚು ಹೊಸದಾಗಿ ಕಾಣಬೇಕು, ನನಗೆ ಅಪ್ಪಯ್ಯನ ವಾಚು ಅಪ್ಪಯ್ಯನದಾಗಿ ಕಾಣಬೇಕು. ಇಬ್ಬರಿಗೂ ಬೇಕಾದ್ದು ಬೇರೆ ಬೇರೆ ಎಂದ ಮೇಲೆ ಅವರ ಯಂತ್ರಗಳೆಷ್ಟು ಚೆನ್ನಾಗಿದ್ದರೇನು. ಇದನ್ನು ಹೀಗೆಯೇ ಮಾಣಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ದಸರಾ ರಜೆಗೆ ಬರ್ತೇನೆ, ನಾನೂ ಜೊತೆಗೆ ಬರ್ತೇನೆ ಅಂಗಡಿಗೆ” ಎಂದ.

ಹೋದೆವು. ಸಾಹೇಬರು ಮೊದಲು ನನ್ನ ಕೈಯಲ್ಲಿದ್ದ ಎಚ್ಎಂಟಿಯನ್ನು ನೋಡಿ, ಅದರ ಯೋಗಕ್ಷೇಮ ವಿಚಾರಿಸಿದರು. ನಾನು ನೌಕರಿಗೆ ಸೇರಿದಾಗ ಕೊಂಡದ್ದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ವಾಚನ್ನು ಬಿಚ್ಚಲು ಬಾರದ ರಿಪೇರಿಯವನು ಒಂದು ಕಾಲದಲ್ಲಿ ಕರ್ನಾಟಕದಲ್ಲೇ ಇರಲಿಲ್ಲ. ಬಿಡಿಭಾಗ ಎಲ್ಲಿ ಕೇಳಿದರೂ ಸಿಗುತ್ತಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಈಗ ಸತ್ತ ಎಚ್ಎಂಟಿಗಳಿಂದ ತೆಗೆದ ಭಾಗಗಳನ್ನೇ ಬದುಕಿದ್ದವಕ್ಕೆ ಹಾಕುವುದು. ಸಾಹೇಬರ ಮೇಜಿನ ಮೇಲೆ ನಶ್ಯದ ಡಬ್ಬಿ, ಮಾತ್ರೆಯ ಡಬ್ಬಿಗಳಲ್ಲಿ ಅಂಥವು ಒಂದೊಂದು ಬಗೆಗೆ ಒಂದೊಂದರಂತೆ ತುಂಬಿದ್ದವು.

ಅಪ್ಪಯ್ಯನ ವಾಚಿನ ಹಿಂದಿನ ಮುಚ್ಚಳ ತೆಗೆದು ಅವರು ಬೆಳಕಿಗೆ ಹಿಡಿದರು. ಆಮೇಲೆ ಐಗ್ಲಾಸನ್ನು ನನ್ನ ಕೈಗೆ ಕೊಟ್ಟು, “ನೋಡಿ ಅಕ್ಕೋರೇ” ಎಂದರು. ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಸಣ್ಣ ಸಣ್ಣ ಬರಹ. 4-60. ಅದರ ಕೆಳಗೆ 11-67. ಆಮೇಲೆ 8-74, 2-83. ಸರ್ವಿಸ್ ಮಾಡಿದವರು ತಾರೀಖು ಗೀಚುವುದು ಕಸುಬಿನ ರೂಢಿ. ಮೊದಲನೆಯದು ಅಜ್ಜ ಮುಂಬಯಿಯಲ್ಲೋ ಹುಬ್ಬಳ್ಳಿಯಲ್ಲೋ ಮಾಡಿಸಿದ್ದಿರಬೇಕು, ಅಕ್ಷರ ಬೇರೆ. ಉಳಿದ ಮೂರರ ಪಕ್ಕ ಒಂದು ಉರ್ದು ಅಕ್ಷರವಿತ್ತು. “ನಮ್ಮ ಅಬ್ಬಾನದು” ಎಂದರು ಸಾಹೇಬರು. 8-74 ಎಂದರೆ ಹೊಳೆಗೆ ಬಿದ್ದ ಆಗಸ್ಟ್. ಅಪ್ಪಯ್ಯ ಮೈ ಒರೆಸಿಕೊಂಡವನೇ ಮೊದಲ ಬಸ್ಸಿಗೆ ಶಿರಸಿಗೆ ಹೋಗಿದ್ದನೆಂದು ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ. ಮಾಣಿ ಐಗ್ಲಾಸನ್ನು ನನ್ನಿಂದ ಕಸಿದುಕೊಂಡು ಬಹಳ ಹೊತ್ತು ನೋಡಿದ. ಕಂಪನಿಯವರು ಕವಚವನ್ನು ಪಾಲಿಶ್ ಮಾಡಿದ್ದರೆ ಇದೂ ಹೋಗುತ್ತಿತ್ತೇ ಎಂದು ಕೇಳಿದ. ಒಳಮೈ ಉಳಿದರೂ ಉಳಿದೀತು ಎಂದು ಸಾಹೇಬರು ನ್ಯಾಯವಾಗಿಯೇ ಹೇಳಿದರು.

ನಾನು ಕೆಲಸ ಒಪ್ಪಿಸಿ ಎದ್ದು ಬರುವವಳಿದ್ದೆ. ಸಾಹೇಬರು ವಾಚನ್ನು ಮುಚ್ಚಿ ನನ್ನ ಮುಂದೆಯೇ ಇಟ್ಟರು. “ಈಗ ಬೇಡ ಅಕ್ಕೋರೇ. ಬಲಗಣ್ಣಿಗೆ ಪೊರೆ ಬಂದಿದೆ, ಮುಂದಿನ ತಿಂಗಳು ಆಪರೇಶನ್. ಎಚ್ಎಂಟಿ ಆದರೆ ಈ ಕಣ್ಣಲ್ಲೇ ಮಾಡ್ತೇನೆ, ಸಾಮಾನು ಉಂಟು. ಇದರ ಬ್ಯಾಲೆನ್ಸಿನ ಅಚ್ಚು ಒಂದು ಬದಿ ಸವೆದಿದೆ. ಅಬ್ಬಾ ಇಟ್ಟದ್ದು ಎರಡೇ ಎರಡು ಉಂಟು ನನ್ನ ಹತ್ತಿರ. ತಪ್ಪಿದರೆ ಇನ್ನು ಸಿಗೂದಿಲ್ಲ. ಅವಸರ ಇದ್ದರೆ ಹುಬ್ಬಳ್ಳಿಯಲ್ಲಿ ಒಬ್ಬರಿದ್ದಾರೆ, ಚೀಟಿ ಕೊಡ್ತೇನೆ.”

“ಅವಸರ ಇಲ್ಲ” ಎಂದದ್ದು ನಾನಲ್ಲ, ಮಾಣಿ.

ಸಂಕ್ರಾಂತಿ ಕಳೆದ ಮೇಲೆ ಕೊಟ್ಟೆವು, ಮೂರು ವಾರಕ್ಕೆ ಬಂತು. ಎರಡು ಸಾವಿರದ ನಾನೂರು ರೂಪಾಯಿ. ತೆಗೆದ ಹಳೆಯ ಅಚ್ಚನ್ನು ಕಾಗದದಲ್ಲಿ ಮಡಚಿ ಕೊಟ್ಟರು. ಡಯಲನ್ನು ಮುಟ್ಟಲಿಲ್ಲ. ನೀರಿಗೆ ಇಳಿಸಬೇಡಿ ಎಂದು ಎರಡು ಸಲ ಹೇಳಿದರು, ಕಂಪನಿಯವರ ಹಾಗೆ ಮುಚ್ಚಲು ತಮ್ಮಿಂದಾಗದು ಎಂದು. ದಿನಕ್ಕೆ ಅರ್ಧ ನಿಮಿಷ ಮುಂದೆ ಓಡುತ್ತದೆ. ಶಾಲೆಯ ಗಂಟೆಯೇ ಐದು ನಿಮಿಷ ಹಿಂದಿರುವುದರಿಂದ ನನಗೇನೂ ತೊಂದರೆಯಿಲ್ಲ. ಸಾಹೇಬರ ಮಗ ಪಕ್ಕದಲ್ಲೇ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಈ ಕೆಲಸ ಕಲಿತಿಲ್ಲ. ಆರೇಳು ವರ್ಷಕ್ಕೆ ಮತ್ತೆ ಎಣ್ಣೆ ಹಾಕಿಸಬೇಕಾಗುತ್ತದೆ ಎಂದು ಸಾಹೇಬರು ಹೇಳಿದ್ದಾರೆ. ಹುಬ್ಬಳ್ಳಿಯವರ ವಿಳಾಸವನ್ನು ಮಾಣಿ ಅಂದೇ ಬರೆದುಕೊಂಡಿದ್ದಾನೆ.